ದೀಪದ ಪಕ್ಕ ಇಟ್ಟ ಮೇಣ

ಬಸವಕುಮಾರ ಒಂದು ಪುಟ್ಟ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಅನುರಾಧಾಳ ಮುಖ ನೋಡಲಾಗದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ.

"ಹೈದರಾಬಾದಿಗಿ ಒಯ್ಯಲಿಲ್ಲೇನ್ರಿ ಇದನ್ನ?"

"ಇಲ್ರಿ ಮೇಡಂ. ಒಂದು ತಪ್ಪಾಗ್ಯಾದ."

ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹಿಂದಿನ ಪುಟ್ಟ ಲ್ಯಾಬಿನಲ್ಲಿ ಅನುರಾಧಾ ಟೆಕ್ನಿಷಿಯನ್. ಬಸವಕುಮಾರನದು ಬಸವಕಲ್ಯಾಣದಲ್ಲಿ ಹಿಟ್ಟಿನ ಗಿರಣಿ. ಅವನ ಅವ್ವ ಮೀರಾಬಾಯಿಗೆ ಅನ್ನನಾಳದಲ್ಲಿ ಕ್ಯಾನ್ಸರ್ ಗಡ್ಡೆ. ಅದರ ಚೂರನ್ನು ಮೇಣದ ಬ್ಲಾಕಿನಲ್ಲಿ ಕೂಡಿಸಿ ಕೊಟ್ಟವಳು ಅನುರಾಧಾಳೇ. ಗಡ್ಡೆಯಲ್ಲಿ ಯಾವ ಪ್ರೋಟೀನ್ ಎಷ್ಟಿದೆ ಎಂದು ಹೈದರಾಬಾದಿನಲ್ಲಿ ನೋಡಿದರೆ, ಯಾವ ಔಷಧಿ ನಾಟೀತು, ರೋಗ ಎಷ್ಟು ಅವಸರ ಮಾಡೀತು ಎಂಬ ಅಂದಾಜು ಸಿಗುತ್ತದೆ ಅಂದಿದ್ದರು ಡಾಕ್ಟರು.

ಅನುರಾಧಾ ಡಬ್ಬಿ ತೆರೆದಳು. ಬ್ಲಾಕಿನ ಒಂದು ಮೂಲೆ ಕರಗಿ ಸೊಟ್ಟಗಾಗಿತ್ತು. ಮೇಲೆ ವಿಭೂತಿ ಬಳಿದಿತ್ತು.

"ಇದೇನ್ರಿ ಇದು!"

"ಅವ್ವ ಅಂದಳ್ರಿ, 'ನನ್ನ ಮೈಯಾಗಿಂದು ಪರಊರಿಗಿ ಹೊಂಟದ, ಒಂದು ಹೊತ್ತು ದೇವರ ಜಗಲಿ ಮ್ಯಾಲ ಇರಲಿ' ಅಂತ. ಇಟ್ಟೆ. ಪಕ್ಕದಾಗೇ ದೀಪ ಇತ್ತು. ಗಿರಣಿ ಗದ್ದಲದಾಗ ಮರತೇಬಿಟ್ಟೆ."

ಅನುರಾಧಾಗೆ ನಗು ಬಂತು. ದಿನವೂ ಯಾರ್ಯಾರದೋ ಮೈಯ ಚೂರುಗಳನ್ನು ಮೇಣದಲ್ಲಿ ಕೂಡಿಸುವವಳು ಅವಳು. ಆದರೆ ಅದಕ್ಕೆ ವಿಭೂತಿ ಹಚ್ಚಿ ತಂದವರನ್ನು ಕಂಡಿರಲಿಲ್ಲ. ಅವನ ಇಳಿದ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

"ಒಳಗಿನ ಚೂರು ಕೆಟ್ಟಿಲ್ಲ ಬಿಡ್ರಿ. ಹೊಸ ಮೇಣದಾಗ ಕೂಡಸಿ ಕೊಡ್ತೀನಿ, ಇವತ್ತೇ ಒಯ್ರಿ. ಕೊಲಿ ಮಾಡಿದವರಂಗ ಯಾಕ ನಿಂತೀರಿ? ಕೂಡ್ರಿ, ಚಹಾ ತರಸ್ತೀನಿ."

ಅವನು ಕೂಡಲಿಲ್ಲ. ಮೊದಲ ಸಲ ಬಂದಾಗ ಅವನ ಹುಬ್ಬಿನ ತುಂಬ ಜೋಳದ ಹಿಟ್ಟಿತ್ತು. ಈಚೆಗೆ ಹುಬ್ಬು ತೊಳೆದು, ಅತ್ತರು ಹಚ್ಚಿಕೊಂಡು ಬರುತ್ತಿದ್ದ. ಫೋನಿಗೇ ಕಳಿಸಿದ ರಿಪೋರ್ಟ್ ಒಯ್ಯಲೂ ಬಂದಿದ್ದ. ಯಾಕೆಂದು ಕೇಳಿದ್ದಕ್ಕೆ, "ಫೋನಿನ್ಯಾಗ ಅಕ್ಷರ ಸಣ್ಣ ಕಾಣಸ್ತಾವ್ರಿ" ಅಂದಿದ್ದ. ಅಷ್ಟು ಹೇಳುವಾಗ ಅವನ ಕಿವಿ ಕೆಂಪಾಗಿದ್ದು ಅವಳಿಗೆ ಮನೆಗೆ ಹೋದ ಮೇಲೂ ನೆನಪಿತ್ತು.

"ಇನ್ನೊಂದು ಅದ್ರಿ. ಕೇಳಿದ್ರ ನೀವು ನನ್ನ ಮಾರಿ ನೋಡಂಗಿಲ್ಲ."

"ಈಗ ನೀವೆಲ್ಲಿ ನನ್ನ ಮಾರಿ ನೋಡಾಕತ್ತೀರಿ? ಕ್ಯಾಲೆಂಡರ್ ನೋಡಾಕತ್ತೀರಿ."

ಅವನು ನೋಡಿದ. ಕಣ್ಣು ತುಂಬಿತ್ತು.

"ಮೇಣ ಕರಗಿದ್ದು ಕಂಡಾಗ ಮೊದಲು ಅವ್ವನ ಫಿಕರ್ ಆಗಲಿಲ್ರಿ. ಮತ್ತ ಹುಮನಾಬಾದಿಗಿ ಹೋಗಬಹುದಲ್ಲ ಅಂತ ಖುಷಿ ಆಯ್ತು. ಹಡದಾಕಿ ಗಂಜಿ ಸುದ್ದಾ ನುಂಗಲಾರದೆ ಕುಂತಾಳ, ಮಗ ಖುಷಿ ಪಡ್ತಾನ. ಇಂಥವನಿಗಿ ಏನನ್ನಬೇಕು?"

ಅನುರಾಧಾಳ ಮುಖ ಬಿಸಿಯಾಯಿತು. ಬ್ಲಾಕಿನ ವಿಭೂತಿಯನ್ನು ಹತ್ತಿಯಿಂದ ಮೆಲ್ಲಗೆ ಒರೆಸುತ್ತ ಹೇಳಿದಳು.

"ಚೂರು ಸಾಲದಿದ್ರ ನಿಮ್ಮ ಅವ್ವನ್ನ ಮತ್ತ ಕರಸಬೇಕು ಅಂದಿದ್ರು ಡಾಕ್ಟರ್. ಸಾಲದಿರಲಿ ಅಂತ ಬಯಸಿದ್ದೆ ನಾ. ಮುದುಕಿ ಗಂಟಲಾಗ ಮತ್ತ ನಳಿಗಿ ಹಾಕಿದ್ರೂ ಅಡ್ಡಿ ಇಲ್ಲ, ನೀವು ಬರಬೇಕು ಅಂತ. ನನಗೇನಂತೀರಿ?"

ತಂದಿಟ್ಟ ಚಹಾ ಕೆನೆಗಟ್ಟಿತು.

ಹೈದರಾಬಾದಿನ ರಿಪೋರ್ಟ್ ಬಂತು, ಚಲೋದಲ್ಲ. ಔಷಧಿಗೆ ದಾರಿ ಮಾಡಿಕೊಡುವ ಪ್ರೋಟೀನ್ ಇರಲಿಲ್ಲ. ರೋಗದ ಅವಸರಕ್ಕೆ ಗುರುತಾದ ಪ್ರೋಟೀನ್ ಹೇರಳವಾಗಿತ್ತು. ಚಿಕಿತ್ಸೆ ಕೊಡೋಣ, ದೂರದ ಆಸೆ ಬೇಡ ಅಂದರು ಡಾಕ್ಟರು.

"ನಾವು ಖುಷಿ ಪಟ್ಟಿದ್ದಕ್ಕ ಹಿಂಗಾಯ್ತು," ಅಂದ ಲ್ಯಾಬಿಗೆ ಬಂದ ಬಸವಕುಮಾರ.

"ಗಡ್ಡಿಗಿ ನಮ್ಮ ಮನಸು ಗೊತ್ತಿಲ್ರಿ. ನೀವು ಈ ಬಾಗಿಲು ತುಳಿಯೋಕಿಂತ ಮೊದಲೇ ಅದು ಹಂಗೇ ಇತ್ತು."

ಅವನಿಗೆ ಅದು ಹಿಡಿಸಲಿಲ್ಲ. "ಇನ್ನ ಬರಂಗಿಲ್ರಿ" ಎಂದು ಹೋದವನು ನಿಜವಾಗಿಯೂ ಬರಲಿಲ್ಲ. ಬಾಗಿಲು ಸಪ್ಪಳವಾದಾಗೆಲ್ಲ ಅನುರಾಧಾ ಕತ್ತು ಹೊರಳಿಸುವಳು. ಹೊರಳಿಸಿದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾಗುವಳು.

ಒಂದು ದಿನ ಲ್ಯಾಬಿಗೆ ಫೋನ್ ಬಂತು. ಬಿದ್ದುಹೋದ ದನಿ.

"ನಾ ಮೀರಾಬಾಯಿ ಮಾತಾಡಾಕತ್ತೀನಿ ಬೇಟಾ. ನನ್ನ ಮಗ ಹುಬ್ಬಿನ್ಯಾಗಿನ ಹಿಟ್ಟು ತೊಳಿಯೋದು ಬಿಟ್ಟಾನ. ಐತಾರ ಜರಾ ಬಂದು ಹೋಗು."

ಆ ಭಾನುವಾರ ಅನುರಾಧಾ ಬಸವಕಲ್ಯಾಣದ ಬಸ್ ಹತ್ತಿದಳು. ಮನೆಯೊಳಗೆ ಕಾಲಿಟ್ಟಾಗ ಮೀರಾಬಾಯಿ ಹಂಚಿನ ಮುಂದೆ ಕುಳಿತು ಕೊನೆಯ ರೊಟ್ಟಿ ಇಳಿಸುತ್ತಿದ್ದಳು. ತೋಳು ಸೊರಗಿತ್ತು. ಎರಡು ತಾಟು ಹಚ್ಚಿದ್ದಳು, ಪುಂಡಿಪಲ್ಯ ಬಡಿಸಿದ್ದಳು.

"ಅವ್ವಾ, ನಿನ್ನ ಮುಂದ ಹ್ಯಾಂಗ ಉಣ್ಣಲಿ? ನಾಚಿಕಿ ಬರ್ತದ," ಅಂದ ಬಸವಕುಮಾರ. ಅವ್ವನಿಗೆ ರೊಟ್ಟಿ ಇಳಿಯದಾದ ಮೇಲೆ ಅವನು ಗಿರಣಿಯ ಹಿಂದೆ ಕದ್ದು ಉಣ್ಣುತ್ತಿದ್ದ.

"ಗಿರಣಿ ಹಿಂದ ಉಣ್ಣೋದು ನನಗ ಗೊತ್ತಿಲ್ಲೇನು? ನಾಚಿಕಿ ಬಂದ್ರ ಬರಲಿ, ರೊಟ್ಟಿ ಆರ್ತದ. ಈ ಬ್ಯಾನಿ ನನ್ನ ಗಂಟಲ ಕಟ್ಟ್ಯಾದ. ನಿಮ್ಮ ಗಂಟಲ ನೀವೇ ಯಾಕ ಕಟ್ಟಕೋತೀರಿ?"

ಇಬ್ಬರೂ ಕುಳಿತರು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದರು. ಎದುರಿಗೆ ಕುಳಿತ ಮೀರಾಬಾಯಿ ತಾನೇ ಉಣ್ಣುತ್ತಿರುವವಳಂತೆ ಬರೀ ಗಂಟಲು ಆಡಿಸುತ್ತಿದ್ದಳು.

"ಹ್ಯಾಂಗ ಆಗ್ಯಾದ ಪಲ್ಯ?"

ಅನುರಾಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಖಾರ ಜರಾ ಹೆಚ್ಚಾಗ್ಯಾದ್ರಿ, ಅತ್ತಿ."

ಮೀರಾಬಾಯಿ ನಕ್ಕಳು. "ಹಂಗಾದ್ರ ಇನ್ನ ನೀನೇ ಮಾಡು. ಆದ್ರ ಲಗೂನ ಬಾ, ಯವ್ವಾ."

ಬಸವಕುಮಾರ ತಲೆ ಎತ್ತದೆ ಇನ್ನೊಂದು ರೊಟ್ಟಿಗೆ ಕೈಚಾಚಿದ.