ಹೇಳದೆ ಹೋಗುವವನು

ಗುರುಕಿರಣ್ ಈ ಸಂಜೆಯೂ ಹೇಳದೆ ಕೇಳದೆ ಎದ್ದು ಹೋದ.

ಈಗ ತಾನೇ ಎದುರಿನ ಗೋಡೆಗೊರಗಿ ಕೂತಿದ್ದ. ಅಕ್ಷಯಾ ನೋಡಿದರೆ ನೆಲ ನೋಡುವುದು, ಅವಳು ನೆಲ ನೋಡಿದರೆ ಅವಳನ್ನೇ ನೋಡುವುದು, ಇದೇ ಅವನ ಕೆಲಸ. ಅವಳು ಕಾಫಿ ತೆಗೆದುಕೊಂಡು ತಿರುಗುವಷ್ಟರಲ್ಲಿ ಬಾಗಿಲ ಬಳಿ ಅವನ ಶೂ ಇರಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

ವಾಲ್ನಟ್ ಕ್ರೀಕಿನ ಆ ಪುಟ್ಟ ಕಾಲೇಜಿನ ಲೈಬ್ರರಿಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದೂಕು ಹಿಡಿದು ನುಗ್ಗಿದ ಮೇಲೆ ಯಾರಿಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸ್ಟಾಕು, ಸ್ಟಾರ್ಟಪ್ಪು, ಡಾಟ್‌ಕಾಮು ಎಂದು ಹಾರಾಡುತ್ತಿದ್ದ ಹುಡುಗರು ಈಗ ಕುರ್ಚಿ ಎಳೆದ ಸದ್ದಿಗೂ ಬೆಚ್ಚುತ್ತಿದ್ದರು. ಸತ್ತವರು ಲೈಬ್ರೇರಿಯನ್ ಶೇಷಗಿರಿ. ಊಟ ಆಯ್ತಾ ಎಂದು ಕೇಳದೆ ಯಾರಿಗೂ ಪುಸ್ತಕ ಕೊಡದ ಮೈಸೂರಿನ ಮನುಷ್ಯ. ಸಂಜೆಯಾದರೆ ಕಾಲೇಜಿನ ಮಕ್ಕಳೆಲ್ಲ ಬಂದು ಅವರ ಹೆಂಡತಿಯಾದ ಇಂದು ಆಂಟಿಯ ಅಪಾರ್ಟ್‌ಮೆಂಟಿನಲ್ಲಿ ಸುಮ್ಮನೆ ಕೂರುತ್ತಿದ್ದರು.

ಆ ದಿನ ಅಕ್ಷಯಾ, ಗುರು ಒಂದೇ ಮೇಜಿನ ಕೆಳಗೆ ಅವಿತಿದ್ದರು. ಪೊಲೀಸರು ಬರುವತನಕ ಅವನು ಅವಳ ಕೈ ಬಿಟ್ಟಿರಲಿಲ್ಲ. ಆಮೇಲೆ ಒಂದು ಮಾತಿಲ್ಲ. ನನ್ನ ಮುಖ ಕಂಡರೆ ಅವನಿಗೆ ಅದೇ ನೆನಪಾಗುತ್ತದೆ, ಅದಕ್ಕೇ ತಪ್ಪಿಸಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಅವನು ಹ್ಯೂಸ್ಟನ್ನಿಗೆ ಟ್ರಾನ್ಸ್‌ಫರ್ ಕೇಳಿದ್ದಾನೆಂಬ ಸುದ್ದಿ ಇವತ್ತು ಮಧ್ಯಾಹ್ನ ಕಿವಿಗೆ ಬಿದ್ದಿತ್ತು. ಒಂದು ದಿನ ಹೀಗೇ, ಹೇಳದೆಯೇ ಹೊರಟುಬಿಟ್ಟರೆ?

ಲೋಟ ಕೆಳಗಿಟ್ಟು, "ಬರ್ತೀನಿ ಆಂಟಿ, ನಾಳೆ ಮತ್ತೆ ಬರ್ತೀನಿ!" ಎಂದು ಎಂದಿನಂತೆ ಕೂಗಿ ಹೇಳಿ ಓಡಿದಳು. ಸ್ಯಾನ್ ಹೊಸೆಯಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಅಮ್ಮ ಕಲಿಸಿದ್ದ ಮರ್ಯಾದೆ ಅದು.

ಬಾರ್ಟ್ ರೈಲು ಸ್ಟೇಷನ್ನಿನ ಮೆಟ್ಟಿಲ ಬಳಿ ಸಿಕ್ಕಿದ.

"ನಿಂಗೆ ಮ್ಯಾನರ್ಸ್ ಇಲ್ವಾ? ಡೈಲಿ ಒಂದು ಬೈ ಕೂಡ ಹೇಳಲ್ಲ!"

ಗುರು ಕಕ್ಕಾಬಿಕ್ಕಿಯಾದ. "ಸಾವಿನ ಮನೆಯಿಂದ ಹೊರಡೋವಾಗ ಹೇಳಬಾರದು ಕಣೇ. ಬರ್ತೀನಿ ಅಂತಂತೂ ಅನ್ನಲೇಬಾರದು. ಮತ್ತೆ ಅಂಥದ್ದಕ್ಕೇ ಬರೋ ಹಾಗಾಗುತ್ತೆ ಅಂತಾರೆ. ನಮ್ಮ ಮಂಡ್ಯದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು."

ಅಕ್ಷಯಾಳ ಮುಖ ಬಿಳಿಚಿತು. "ಓ ಮೈ ಗಾಡ್! ನಾನು ಡೈಲಿ ಕೂಗಿ ಹೇಳ್ತೀನಲ್ಲ! ನೀನ್ಯಾಕೆ ಸ್ಟಾಪ್ ಮಾಡ್ಲಿಲ್ಲ?"

"ಅವಳಿಗೆ ಗೊತ್ತಿಲ್ಲ, ಬೇಜಾರು ಮಾಡ್ಕೋಬೇಡಿ ಅಂತ ಆಂಟಿಗೆ ಹೇಳೋಕೆ ಹೋದೆ. ನನ್ನನ್ನೇ ಬೈದ್ರು. 'ಹೇಳ್ಲಿ ಬಿಡಪ್ಪ, ಈ ಮನೆಗೆ ನಾಳೆ ಅಂತ ಒಂದಿದೆ ಅನ್ಸೋದು ಅವಳ ಕೂಗು ಕೇಳಿದಾಗ್ಲೇ' ಅಂದ್ರು."

ಅವಳಿಗೆ ನಗು, ಅಳು ಒಟ್ಟಿಗೇ ಬಂತು. ಮೂಗೊರೆಸಿಕೊಂಡು ಕೇಳಿದಳು: "ಹ್ಯೂಸ್ಟನ್ನು?"

"ಅಲ್ಲಿ ಚಿಕ್ಕಪ್ಪ ಇದ್ದಾರೆ. ಅಮ್ಮ ಫೋನಲ್ಲಿ ಅಳ್ತಾರೆ. ಅಲ್ಲಿನ ಕಾಲೇಜು ಸೀಟು ಕೊಟ್ಟಿದೆ, ನಾಳೆ ಹೂಂ ಅನ್ನಬೇಕು."

"ನಿಂಗೆ ಹೋಗ್ಬೇಕಾ?"

"ನಂಗೆ ಈ ಕಾಲೇಜು ಕಂಡ್ರೆ ಭಯ ಕಣೇ. ನಿನ್ನ ಬಿಟ್ಟು ಹೋಗೋದು ಅದಕ್ಕಿಂತ ಭಯ. ಶೇಷಗಿರಿ ಸರ್ ಹೋಗಿರೋ ಹೊತ್ತಲ್ಲಿ ಇದನ್ನ ಹೆಂಗೆ ಹೇಳೋದು ಅಂತ ಸುಮ್ಮನಿದ್ದೆ."

ಮೇಲೆ ರೈಲು ದಡದಡನೆ ಬಂತು. ಇಬ್ಬರೂ ಒಟ್ಟಿಗೆ ಬೆಚ್ಚಿ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡರು. ಸದ್ದು ಅಡಗಿದರೂ ಯಾರೂ ಬಿಡಲಿಲ್ಲ.

"ನಂಗೂ ಭಯಾನೇ," ಎಂದಳು ಅಕ್ಷಯಾ. "ಸೋಮವಾರ ಲೈಬ್ರರಿ ಓಪನ್ ಆಗುತ್ತೆ. ಒಬ್ಳೇ ಒಳಗೆ ಹೋಗೋಕೆ ನನ್ನ ಕೈಲಾಗಲ್ಲ. ಐ ಲವ್ ಯೂ, ಗುರು. ಪ್ಲೀಸ್, ಹೋಗ್ಬೇಡ."

ಮೆಟ್ಟಿಲಿಳಿದು ಬಂದ ಜನ ಅವರನ್ನು ಬಳಸಿಕೊಂಡು ಹೋದರು. ಆಮೇಲೆ ಗುರು ಕೇಳಿದ:

"ಸೋಮವಾರ ಎಷ್ಟು ಹೊತ್ತಿಗೆ ಬಾಗಿಲು ತೆಗೀತಾರೆ?"