ಸತ್ತ ನೀರು

ನಿನ್ನೆ ಹತ್ತೇ ಕುಲುಕಿಗೆ ಕೆಸರಾಗಿ ಕುಸಿದಿದ್ದ ಮರಳು ಇವತ್ತು ಕಲ್ಲಿನಂತೆ ನಿಂತಿತ್ತು. ಅದೇ ಮರಳು, ಅದೇ ಯಂತ್ರ, ಅದೇ ಕೈ.

ನದಿದಂಡೆಯ ಮರಳದು. ಅದರ ಮೇಲೆ ಹೆರಿಗೆ ಆಸ್ಪತ್ರೆ ಏಳಬೇಕು. ಭೂಮಿ ನಡುಗಿದರೆ ನೀರು ಕುಡಿದ ಇಂಥ ಮರಳು ಕೆಸರಾಗಿ ಕಟ್ಟಡವನ್ನೇ ನುಂಗಬಹುದು. ನುಂಗುತ್ತದೋ ಇಲ್ಲವೋ ಎಂದು ಹೇಳುವುದೇ ಆ ಪ್ರಯೋಗಾಲಯದ ಕೆಲಸ. ಮೊದಲನೆಯ ಫಲಿತಾಂಶ ಕೈತಪ್ಪು, ಎರಡನೆಯದೇ ಸರಿ ಎಂದು ಮುಖ್ಯಸ್ಥರು ಸಹಿ ಹಾಕಲು ಪೆನ್ನು ತೆಗೆದಿದ್ದರು. ಪರೀಕ್ಷೆ ಮಾಡಿದ ಹುಡುಗಿ ಸೀದಾ ತನ್ನ ಅತ್ತಿಗೆಗೆ ಫೋನು ಮಾಡಿದಳು.

ಅತ್ತಿಗೆ ಪೊಲೀಸ್ ಇನ್ಸ್‌ಪೆಕ್ಟರ್. ಮನೆಯಲ್ಲಿ ಸಕ್ಕರೆ ಡಬ್ಬಿ ಜರುಗಿದರೂ ಯಾರ ಕೈಯೆಂದು ಹೇಳುವವಳು.

* * *

ಮರಳು ಬದಲಾಗಿದೆಯೇ? ಪ್ರಯೋಗಾಲಯಕ್ಕೆ ಬಂದ ಅತ್ತಿಗೆ ಭೂತಗನ್ನಡಿಯಲ್ಲಿ ನೋಡಿದಳು. ಇಲ್ಲ. ಮರಳು ತುಂಬಿದ ರಬ್ಬರ್ ಚೀಲ ತೂತಾಗಿದೆಯೇ? ಅದೂ ಇಲ್ಲ. ಅತ್ತಿಗೆಗೆ ಖುಷಿಯಾಯಿತು. ಸುಲಭದ ಕಳ್ಳರೆಂದರೆ ಅವಳಿಗೆ ಬೇಸರ.

ಯಂತ್ರದ ಹಿಂದೆ ಬಗ್ಗಿದಳು. ಮರಳಿನ ಚೀಲಕ್ಕೆ ಸೇರಿದ ನೀರಿನ ಕೊಳವೆಯಲ್ಲಿ ಗುಳ್ಳೆಗಳಿದ್ದವು.

“ಇದ್ಯಾಕೆ?”

“ಇರಲೇಬಾರದು ಅತ್ತಿಗೆ. ಅದು ಗಾಳಿ ತೆಗೆದ ನೀರು. ಎಲ್ಲ ಸರಿಯಾಗಿ ತುಂಬಿದೆ ಅಂತ ನೋಡಿಯೇ ಊಟಕ್ಕೆ ಹೋದೆ.”

“ಬಂದ್ಮೇಲೆ ಮತ್ತೆ ನೋಡಿದ್ಯಾ?”

“ಇಲ್ಲ. ಬಂದವಳೇ ಕುಲುಕೋಕೆ ಶುರು ಮಾಡ್ದೆ,” ಎಂದಳು ನಾದಿನಿ.

ಕೊಳವೆಯ ಬುಡದಲ್ಲಿ, ಯಂತ್ರದ ಮರೆಯಲ್ಲಿ ಒಂದು ಕ್ಯಾನ್. ಅದರ ಮೇಲೆ ಚೀಟಿ: ‘ಸತ್ತ ನೀರು. ಕುಡಿಯಬೇಡಿ.’ ಯಾರೋ ಕುಡಿದು ಖಾಲಿ ಮಾಡಿದ್ದರಂತೆ. ರೇಗಿದ ನಾದಿನಿ ಇವತ್ತು ಬೆಳಿಗ್ಗೆಯಷ್ಟೇ ಅಂಟಿಸಿದ್ದಳು. ಗಾಳಿ ಹೋದ ನೀರಿಗೆ ಆ ಹೆಸರೂ ಅವಳೇ ಇಟ್ಟದ್ದು.

* * *

ಮುಖ್ಯಸ್ಥರ ಕೋಣೆಯಲ್ಲಿ ಕಟ್ಟಡ ಕಂಪನಿಯ ಎಂಜಿನಿಯರ್ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಮಧ್ಯಾಹ್ನದಿಂದ ಇಲ್ಲೇ ಇದ್ದೇನೆ, ಪ್ರಯೋಗಾಲಯದೊಳಗೆ ಕಾಲೇ ಇಟ್ಟಿಲ್ಲ ಎಂದ. ಪರೀಕ್ಷೆಯ ನೀರಿಗೆ ಯಾರೋ ಕೈ ಹಾಕಿದ್ದಾರೆ ಎಂದಷ್ಟೇ ಅತ್ತಿಗೆ ಹೇಳಿದಳು.

ಅವನು ನಕ್ಕ. “ಸತ್ತ ನೀರಿಗೆ ಯಾರು ಕೈ ಹಾಕ್ತಾರೆ ಮೇಡಂ?”

ಮುಖ್ಯಸ್ಥರು ಹುಬ್ಬು ಗಂಟಿಕ್ಕಿದರು. “ಸತ್ತ ನೀರಾ? ಹಾಗಂದ್ರೇನು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಜಿನಿಯರ್ ಕಾಲು ಕೆಳಗಿಳಿಸಿದ.

“ನಿಮಗೇ ಗೊತ್ತಿಲ್ಲದ ಹೆಸರು ಇವರಿಗೆ ಹೇಗೆ ಗೊತ್ತಾಯ್ತು ಸರ್?” ಎಂದಳು ಅತ್ತಿಗೆ. ಆ ಹೆಸರಿರುವುದು ಒಂದೇ ಚೀಟಿಯಲ್ಲಿ. ಅದು ಕಾಣುವುದು ಕೊಳವೆಗೆ ಬಗ್ಗಿದವರಿಗೆ ಮಾತ್ರ. ನಾದಿನಿ ಊಟಕ್ಕೆ ಹೋದಾಗ ಇವನು ಕೊಳವೆ ಕಳಚಿ ಒಳಗೆ ಗಾಳಿ ಬಿಟ್ಟಿದ್ದ. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕುಲುಕಿದ ಏಟನ್ನೆಲ್ಲ ಗುಳ್ಳೆಗಳೇ ನುಂಗಿಕೊಂಡವು. ಮರಳು ಸುಮ್ಮನೆ ಗಟ್ಟಿಗನ ವೇಷ ಹಾಕಿತು.

* * *

ಮರುದಿನ ಹೊಸದಾಗಿ ಮರಳು ತುಂಬಿದರು. ಕುಲುಕುವ ಮುಂಚೆ ನಾದಿನಿ ಕೊಳವೆಯನ್ನು ಇನ್ನೊಮ್ಮೆ ನೋಡಿದಳು. ಹತ್ತನೆಯ ಕುಲುಕಿಗೆ ಮರಳು ಕುಸಿಯಿತು. ಅವಳ ಕಣ್ಣು ತುಂಬಿತು.

“ಮರಳು ಗಟ್ಟಿ ಮಾಡೋಕೆ ಹೋದ್ರೆ ಕೆಲಸ ವರ್ಷಗಟ್ಟಲೆ ತಡ ಆಗ್ತಿತ್ತು,” ಎಂದು ಗೊಣಗಿದ ಎಂಜಿನಿಯರ್.

“ಆಗ್ಲಿ,” ಎಂದಳು ಅತ್ತಿಗೆ. “ಹೆತ್ತು ಮಲಗಿರೋ ಬಾಣಂತಿ ಎದ್ದು ಓಡೋಕಾಗಲ್ಲ.”

ಮುಖ್ಯಸ್ಥರು ಮೊದಲ ದಿನದ ಫಲಿತಾಂಶಕ್ಕೇ ಸಹಿ ಹಾಕಿದರು.