ಕೊಂಬೆ ತೋರಿದ ದಾರಿ

ಮಾರ್ಚ್ ಇಪ್ಪತ್ತೇಳನೇ ತಾರೀಖು ಬೆಳಿಗ್ಗೆ ಏಳು ನಲವತ್ತಕ್ಕೆ ಬೈಕಲ್ ಸರೋವರದ ದಡದ ಹರಗೂನ್ ಪೊಲೀಸ್ ಹೊರಠಾಣೆಯ ಬಾಗಿಲು ತಳ್ಳಿಕೊಂಡು ಹಂದಾ ಒಳಗೆ ಬಂದಳು. ಗಂಡನ ಕುರಿಯ ತುಪ್ಪಟದ ಕೋಟು ಹಾಕಿಕೊಂಡಿದ್ದಳು. ಗುಂಡಿಗಳೆಲ್ಲ ತಪ್ಪು ತೂತಿಗೆ ಬಿದ್ದಿದ್ದವು. ದಫೇದಾರ್ ಕಿರಿಲ್ ಏನೂ ಕೇಳದೆ ಎದ್ದು, ಒಲೆಯ ಪಕ್ಕದ ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟ.

"ನನ್ನ ಗಂಡ ರಾತ್ರಿ ಮನೆಗೆ ಬಂದಿಲ್ಲ, ಸಾಹೇಬ್ರೆ."

ಇನ್‌ಸ್ಪೆಕ್ಟರ್ ಗಾರ್ಮಾಯೆವ್ ಪುಸ್ತಕ ತೆರೆದರು. "ಹೆಸರು?"

"ಪ್ರೊಖೊರ್. ನಿಮಗೆ ಗೊತ್ತಿಲ್ವಾ?"

"ಬರ್ಕೊಳ್ಳೋಕೆ ಕೇಳಿದೆ, ತಾಯಿ. ಎಷ್ಟೊತ್ತಿಗೆ ಹೊರಟ?"

"ಸಂಜೆ ಆರೂವರೆ. ಮೀನಿನ ಸಾರು ಒಲೆ ಮೇಲಿತ್ತು. ಹೊರಗೆ ಸಿಗರೇಟ್ ಸೇದಕ್ಕೆ ಹೋದೋನು ವಾಪಸ್ ಬಂದು, 'ಸಾರು ಇಳಿಸ್ಬೇಡ, ಈಗ ಬಂದೆ' ಅಂತ ವ್ಯಾನ್ ಹತ್ತಿದ. ಆಮೇಲೆ ನೋಡಿದ್ರೆ ಕಂಬಳಿ ಇಲ್ಲ, ಫ್ಲಾಸ್ಕ್ ಇಲ್ಲ."

"ಕೆಂಪು ಬಟ್ಟೆ ಕಟ್ಟಿದ ಮೇಲೆ ಸರೋವರಕ್ಕೆ ಇಳಿದನಾ?"

ಚಳಿಗಾಲವಿಡೀ, ಸರೋವರದ ಮೇಲಿನ ದಾರಿ ನೋಡಿಕೊಳ್ಳುವ ಎರ್ದೆಮ್ ಅಜ್ಜ ಸಂಜೆ ಐದಕ್ಕೆ ದಡದ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಾನೆ. ಅಲ್ಲಿಂದ ಬೆಳಿಗ್ಗೆ ಅವನು ಬಿಚ್ಚುವವರೆಗೆ ಬೈಕಲ್‌ನ ಮಂಜುಗಡ್ಡೆಯ ಮೇಲೆ ಯಾರೂ ಕಾಲಿಡುವುದಿಲ್ಲ. ಇಟ್ಟರೆ ಅವನು ರಾತ್ರಿ ಕದ್ದು ಮೀನು ಹಿಡಿಯುವ ಕಳ್ಳಬಲೆಯವನೆಂದೇ ಊರ ತೀರ್ಮಾನ.

"ನನ್ನ ಗಂಡ ಕಳ್ಳಬಲೆ ಹಾಕೋನಲ್ಲ," ಎಂದಳು ಹಂದಾ. "ಅದನ್ನೂ ಬರ್ಕೊಳ್ಳಿ."

ಅದಕ್ಕೆ ದೂರಿನ ನಮೂನೆಯಲ್ಲಿ ಜಾಗವಿರಲಿಲ್ಲ. ಗಾರ್ಮಾಯೆವ್ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡರು.

ಎಂಟೂವರೆಗೆ ಗಾರ್ಮಾಯೆವ್, ಕಿರಿಲ್ ಇಬ್ಬರೂ ಗಡ್ಡೆಗೆ ಇಳಿದರು. ಮೈನಸ್ ಹತ್ತೊಂಬತ್ತು ಡಿಗ್ರಿ. ಕೆಂಪು ಬಟ್ಟೆ ಕಂಬದಲ್ಲೇ ಇತ್ತು. ಅದರ ಕೆಳಗೇ ವ್ಯಾನಿನ ಗಾಲಿಯ ಗುರುತು. ನೂರು ಹೆಜ್ಜೆಗೊಂದರಂತೆ ನೆಟ್ಟ ಪೈನ್ ಕೊಂಬೆಗಳ ಸಾಲು ಮೂರು ಕಿಲೋಮೀಟರ್ ನೆಟ್ಟಗೆ ಹೋಗಿ, ಆಮೇಲೆ ಎಡಕ್ಕೆ ತಿರುಗಿತ್ತು. ತಿರುಗಿದ್ದರಲ್ಲಿ ವಿಶೇಷವೇನಿಲ್ಲ. ಬಿರುಕು ಸರಿದಂತೆಲ್ಲ ಎರ್ದೆಮ್ ಅಜ್ಜ ಹಾರೆಯಿಂದ ಕುಟ್ಟಿ ನೋಡಿ ಕೊಂಬೆ ಕಿತ್ತು ಬೇರೆ ಕಡೆ ನೆಡುತ್ತಾನೆ. ಕೊಂಬೆ ಎತ್ತಲೋ ಮೀನುಗಾರರು ಅತ್ತ. ಯಾಕೆಂದು ಯಾರೂ ಕೇಳುವುದಿಲ್ಲ.

ಎಡಕ್ಕೆ ತಿರುಗಿದ ಹನ್ನೊಂದು ಕೊಂಬೆಗಳ ಕೊನೆಯಲ್ಲಿ ಕಪ್ಪು ನೀರಿತ್ತು. ಅದರ ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ ಹೊಸ ಗಡ್ಡೆ ಕಟ್ಟಿತ್ತು. ಕೆಳಗೆ ಬೆಚ್ಚನೆಯ ಸೆಲೆ ಇರುವ ಜಾಗ ಅದು. ಅಲ್ಲಿ ಎಂಥ ಚಳಿಯಲ್ಲೂ ಗಡ್ಡೆ ಗಟ್ಟಿಯಾಗುವುದಿಲ್ಲವೆಂದು ಮಕ್ಕಳಿಗೂ ಗೊತ್ತು.

"ಸಾರ್, ಕೊಂಬೆ ಸೀದಾ ನೀರಿಗೇ ಕರ್ಕೊಂಡು ಹೋಗಿದೆ," ಎಂದ ಕಿರಿಲ್.

ಗಾರ್ಮಾಯೆವ್ ಹಿಂತಿರುಗಿ ನೋಡಿದರು. ದೂರದಲ್ಲಿ ಮೀನುಗಾರರ ಡೇರೆಗಳು ಚುಕ್ಕಿಗಳಂತೆ ಕಾಣುತ್ತಿದ್ದವು. ಗಡ್ಡೆ ಒಡೆಯಲು ಇನ್ನೂ ಮೂರು ವಾರವಿತ್ತು. ದಿನಕ್ಕೆ ಇನ್ನೂರು ಜನ ಈ ಕೊಂಬೆಗಳನ್ನು ನಂಬಿ ಇಳಿಯುತ್ತಿದ್ದರು. ಇವನ್ನು ಕಿತ್ತು ನೆಟ್ಟವರು ಯಾರೆಂದು ತಿಳಿಯದೆ ಯಾರನ್ನೂ ಇಳಿಸುವಂತಿರಲಿಲ್ಲ.

ಒಂಬತ್ತು ಐವತ್ತಕ್ಕೆ ಪಂಚನಾಮೆ ಶುರುವಾಯಿತು. ಶಾಯಿ ಹೆಪ್ಪುಗಟ್ಟಿದ್ದರಿಂದ ಪೆನ್ಸಿಲ್ಲಿನಲ್ಲೇ ಬರೆದರು. ಹತ್ತಿರದ ಡೇರೆಯಲ್ಲಿ ಮೀನುಗಾರ ಸಾವ್ವಾ ಕೂತಿದ್ದ. ವಾರದ ಹಿಂದೆ ಇವನಿಗೂ ಪ್ರೊಖೊರ್‌ಗೂ ಹೊಡೆದಾಟವಾಗಿತ್ತೆಂದು ಕಿರಿಲ್ ನೆನಪಿಸಿದ. ಇವರು ಒಳಗೆ ಬಗ್ಗಿದಾಗಲೂ ಸಾವ್ವಾ ಗಾಳ ಇಳಿಬಿಟ್ಟಿದ್ದ ಗಡ್ಡೆಯ ತೂತಿನ ಮೇಲಿಂದ ಕಣ್ಣು ಎತ್ತಲಿಲ್ಲ.

"ಬೆಳಿಗ್ಗೆ ಯಾವ ದಾರೀಲಿ ಬಂದೆ?"

"ಮೂಡಲ ಹಳ್ಳಿ ಕಡೆಯಿಂದ. ಅಲ್ಲಿ ಬೇರೆ ಸಾಲು, ಬೇರೆ ಕಂಬ."

"ಪ್ರೊಖೊರ್ ಜೊತೆ ಜಗಳ ಯಾಕಾಯ್ತು?"

"ತೂತಿಗೆ. ಅವನು ಮೂರು ದಿನ ಸೀಗಡಿ ಎರಚಿ ಮೀನು ಪಳಗಿಸಿದ್ದ. ನಾಲ್ಕನೇ ದಿನ ನಾನು ಹೋಗಿ ಕೂತೆ. ಮಾವನ ಮನೆ ಊಟಕ್ಕೆ ಬಂದಿದೀಯೇನೋ ಅಂತ ಬೈದ. ನಾನೂ ಬೈದೆ."

"ಹೊಡೆದಾಟ?"

"ಅವನು ಹೊಡೆದ. ಆಮೇಲೆ ಅವನೇ ನನ್ನ ಮೂಗಿಗೆ ಹಿಮ ಒತ್ತಿದ. ಸಿಕ್ಕಿದ ಮೀನಲ್ಲಿ ಅರ್ಧ ಕೊಟ್ಟ." ಸಾವ್ವಾ ದಾರ ಎಳೆದ. ಬರಿ ಗಾಳ ಬಂತು. "ಏನಾಗಿದೆ, ಸಾಹೇಬ್ರೆ? ಪೆನ್ಸಿಲ್ ಹಿಡ್ಕೊಂಡು ಯಾಕೆ ಬಂದ್ರಿ?"

ಹೇಳಿದರು. ಅವನು ದಾರ ಕೈಬಿಟ್ಟ. ಅದು ತೂತಿನೊಳಗೆ ಜಾರಿ ಹೋದದ್ದು ಅವನಿಗೆ ಗೊತ್ತಾಗಲೇ ಇಲ್ಲ.

"ಅಜ್ಜನ್ನ ಕೇಳಿ," ಎಂದ. "ಇವತ್ತು ಬಟ್ಟೆ ಬಿಚ್ಚಕ್ಕೂ ಬಂದಿಲ್ವಂತೆ, ಪಾಪ. ಜ್ವರ ಇರ್ಬೇಕು. ಕೊಂಬೆ ಮುಟ್ಟಿದ ಪಾಪಿ ಯಾರು ಅಂತ ಅವನೇ ಹೇಳ್ತಾನೆ."

ಗಾರ್ಮಾಯೆವ್ ಹನ್ನೊಂದು ಕೊಂಬೆಗಳಲ್ಲಿ ಮೊದಲನೆಯದರ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಗಡ್ಡೆಗೆ ತೂತು ಕೊರೆದು, ಕೊಂಬೆ ಇಳಿಸಿ, ನೀರು ಸುರಿದರೆ ಐದು ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಎಲ್ಲರೂ ಮಾಡುವುದು ಹಾಗೆಯೇ. ಈ ಬುಡದ ಗಡ್ಡೆ ಮಾತ್ರ ಹಾಲು ಬೆರೆಸಿದಂತೆ ಬೆಳ್ಳಗಿತ್ತು. ಚಾಕುವಿನಿಂದ ಒಂದು ಚೂರು ಎಬ್ಬಿಸಿ ನಾಲಿಗೆಗಿಟ್ಟರು. ಉಪ್ಪು. ಹಾಲು. ಒಗರು.

ಹದಿನಾಲ್ಕು ವರ್ಷದ ಹಿಂದೆ, ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಹಿಮಗಾಳಿಗೆ ಸಿಕ್ಕಿ ಅರೆಜೀವವಾಗಿದ್ದಾಗ ಇದೇ ಉಪ್ಪು ಚಹಾವನ್ನು ಒಬ್ಬರು ಅವರಿಗೆ ಗುಟುಕು ಗುಟುಕಾಗಿ ಕುಡಿಸಿದ್ದರು.

"ಏನು ಸಾರ್ ಅದು?"

"ಚಹಾ."

ಕಿರಿಲ್ ಸಣ್ಣಗೆ ನಕ್ಕ. "ಎರ್ದೆಮ್ ಅಜ್ಜ ಹಾಕ್ತಾನಲ್ಲ. ಕೊಂಬೆ ನೆಡೋವಾಗೆಲ್ಲ ಮೊದಲ ಲೋಟ ಸರೋವರದ ಒಡೆಯನಿಗೆ ಅಂತ. ಅವನೊಬ್ನೇ—" ಅಲ್ಲಿಗೆ ಮಾತು ನಿಂತಿತು.

ಹನ್ನೊಂದು ಬುಡಗಳನ್ನೂ ನೋಡಿದರು. ಹನ್ನೊಂದೂ ಬೆಳ್ಳಗಿದ್ದವು.

ಮಧ್ಯಾಹ್ನ ಒಂದು ಹದಿನೈದಕ್ಕೆ ಮುಳುಗುಗಾರರು ಹದಿನಾಲ್ಕು ಮೀಟರ್ ಆಳದಲ್ಲಿ ವ್ಯಾನ್ ಕಂಡರು. ಪ್ರೊಖೊರ್ ಅದರಲ್ಲೇ ಇದ್ದ. ಒಂದು ಕಂಬಳಿ, ಒಂದು ಫ್ಲಾಸ್ಕ್, ಎರಡು ಲೋಟ ಸಿಕ್ಕವು. ಬಲೆ ಇರಲಿಲ್ಲ. ದಡದಲ್ಲಿ ಹಂದಾಳ ಕೋಟಿನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದವಳು ನೆರೆಯ ಮುದುಕಿ ಅಗಾಫ್ಯಾ. ಎರಡೂವರೆಗೆ ಗಾರ್ಮಾಯೆವ್ ಅವಳ ಹೇಳಿಕೆ ಪಡೆದರು.

"ನಿನ್ನೆ ಸಂಜೆ ಪ್ರೊಖೊರ್‌ನ ನೋಡಿದ್ಯಾ, ಅಜ್ಜಿ?"

"ದಿನಾ ನೋಡ್ತೀನಲ್ಲಪ್ಪ, ಕಿಟಕೀಲಿ ಕೂತು ಇನ್ನೇನ್ ಮಾಡ್ಲಿ? ಕತ್ತಲಾಗೋ ಹೊತ್ತಿಗೆ ಸಿಗರೇಟ್ ಹಚ್ಕೊಂಡು ಎರ್ದೆಮ್ ಲಾಯದ ತನಕ ಹೋಗ್ತಾನೆ. ಬಗ್ಗಿ ನೋಡ್ತಾನೆ. ಕುದುರೆ ಇದ್ರೆ ವಾಪಸ್."

"ಯಾಕೆ?"

"ಅಜ್ಜ ಮನೆಗೆ ಬಂದ್ನಾ ಅಂತ. ಇನ್ಯಾಕೆ? ಅವನ ಮಗ ಬಾಯಿರ್ ಇವನ ಜೊತೆಗಾರ. ಅವನು ಸರೋವರದಲ್ಲಿ ಮುಳುಗಿ ಆರು ವರ್ಷ ಆಯ್ತು, ಒಂದು ಸಂಜೆ ತಪ್ಪಿಸಿಲ್ಲ ಇವನು."

"ಹಂದಾಗೆ ಗೊತ್ತಾ?"

"ಯಾರಿಗೂ ಹೇಳ್ಬೇಡ ಅಂದಿದ್ದ. ಮುದುಕಂಗೆ ಗೊತ್ತಾದ್ರೆ ನಾಚ್ಕೊಳ್ತಾನೆ ಅಂತ." ಅಜ್ಜಿ ತಲೆವಸ್ತ್ರದಿಂದ ಕಣ್ಣೊರೆಸಿಕೊಂಡಳು. "ನಿನ್ನೆ ಲಾಯ ಖಾಲಿ ಇತ್ತು. ಓಡಿ ಹೋದ."

ಮೂರು ಇಪ್ಪತ್ತಕ್ಕೆ ಎರ್ದೆಮ್ ಅಜ್ಜನ ಮನೆ. ಬಾಗಿಲು ತೆರೆದೇ ಇತ್ತು. ಅಂದು ಗಾರ್ಮಾಯೆವ್ ಅವರಿಗೆ ಚಹಾ ಕುಡಿಸಿದ್ದ ಅಜ್ಜ ಹಬ್ಬದ ಅಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಸಣ್ಣ ಗಂಟು.

"ಬೆಳಿಗ್ಗೆಯಿಂದ ಕಾಯ್ತಿದೀನಿ, ಮಗಾ. ನಾನೇ ಬರ್ಬೇಕಿತ್ತು. ಕಾಲು ಏಳ್ಲಿಲ್ಲ."

"ಕೊಂಬೆ ಸರಿಸಿದ್ದು ನೀನಾ, ಅಜ್ಜ?"

"ನಾನೇ. ಬಟ್ಟೆ ಕಟ್ಟಿ, ಎಲ್ಲಾ ದಡಕ್ಕೆ ಬಂದ್ರು ಅಂತ ನೋಡ್ಕೊಂಡೇ ಹೋದೆ."

"ಯಾರಿಗೆ ಅಂತ ಸರಿಸಿದೆ?"

"ನನಗೆ."

ಕಿರಿಲ್ ಬರೆಯುತ್ತಿದ್ದವನು ಕೈ ನಿಲ್ಲಿಸಿದ.

"ಬಾಯಿರ್ ಹೋಗಿದ್ದು ಅಲ್ಲೇ," ಎಂದ ಅಜ್ಜ. "ಸಿಗ್ಲೇ ಇಲ್ಲ. ಒಂದು ಕೈಗವಸೂ ಸಿಗ್ಲಿಲ್ಲ. ಅವನ ಹತ್ರ ಹೋಗೋಣ ಅಂತ."

"ಸೀದಾ ಹೋಗ್ಬಹುದಿತ್ತಲ್ಲ. ಕೊಂಬೆ ಯಾಕೆ?"

"ಎರ್ದೆಮ್ ದಾರಿ ತಪ್ಪಿದ ಅಂದ್ರೆ ಯಾರು ನಂಬ್ತಾರೆ? ತಾನಾಗೇ ಹೋದ ಅಂತಾರೆ. ಹಂಗೆ ಹೋದೋನಿಗೆ ನಮ್ಮ ಲಾಮಾ ಮಂತ್ರ ಓದಲ್ಲ. ಮುದುಕಂಗೆ ಕಣ್ಣು ಮಂಜಾಗಿತ್ತು, ತಪ್ಪಾಗಿ ನೆಟ್ಟು ತಾನೇ ಹೋಗಿ ಬಿದ್ದ ಅನ್ಲಿ ಅಂತ."

"ಆಮೇಲೆ?"

"ನನ್ನ ಕುದುರೆ ಬೂರಲ್ ಒಪ್ಲಿಲ್ಲ. ಇಪ್ಪತ್ತು ಮಾರು ಇರೋವಾಗ ನಿಂತ್ಬಿಟ್ಟ. ಹೊಡೆದೆ. ಅವನಿಗೆ ಒಂದಿನಾನೂ ಹೊಡೆದೋನಲ್ಲ ನಾನು. ಅವನೇ ತಿರುಗಿ, ಕೊಂಬೆ ಸಾಲು ಬಿಟ್ಟು ಆಚೆ ಮೂಗುಗುಡ್ಡ ಸುತ್ತಿ ಮನೆಗೆ ಎಳ್ಕೊಂಡು ಬಂದ. ಎಂಟಾಗಿತ್ತು, ಹಿಮ ಎದ್ದಿತ್ತು. ಬಟ್ಟೆ ಕಟ್ಟಿದೆಯಲ್ಲ, ಯಾರೂ ಇಳಿಯಲ್ಲ, ಬೆಳಿಗ್ಗೆ ಕಿತ್ತು ಸರಿಮಾಡೋಣ ಅಂದ್ಕೊಂಡೆ. ಆರಕ್ಕೆ ಹೋದ್ರೆ... ಗಾಲಿ ಗುರುತು." ಅಜ್ಜ ತಲೆಯೆತ್ತಿದ. "ಆ ಹುಡುಗ ಬಟ್ಟೆ ದಾಟೋನಲ್ಲ. ಯಾಕೆ ಇಳಿದ?"

ಗಾರ್ಮಾಯೆವ್‌ಗೆ ಇದನ್ನು ಹೇಳದೆ ಬಿಡುವ ಆಸೆ ಇತ್ತು. ನಾಳೆ ಊರು ಹೇಳುತ್ತದೆ. ಊರು ಹೇಳುವುದಕ್ಕಿಂತ ತಾವೇ ಹೇಳುವುದು ಮೇಲೆಂದು ಹೇಳಿದರು. ಖಾಲಿ ಲಾಯ, ಕಂಬಳಿ, ಎರಡು ಲೋಟ.

ಅಜ್ಜ ಅಳಲಿಲ್ಲ. ಕೈಗಳನ್ನು ಮುಂದೆ ಚಾಚಿದ. ಬೇಡಿಯನ್ನು ಕಿರಿಲ್ ಅಂಗಿಯೊಳಗಿಟ್ಟು ಬೆಚ್ಚಗೆ ಮಾಡಿಕೊಂಡು ತಂದಿದ್ದ. ಚಳಿಯ ಕಬ್ಬಿಣ ಚರ್ಮಕ್ಕೆ ಅಂಟುತ್ತದೆ. ಬಂಧನದ ಸಮಯ ಮೂರು ಐವತ್ತೈದು ಎಂದು ದಾಖಲಾಯಿತು.

ಸಂಜೆ ಎಫ್‌ಐಆರ್‌ಗೆ ಸಹಿ ಹಾಕಲು ಹಂದಾ ಬಂದಳು. ಗಾರ್ಮಾಯೆವ್ ಎಲ್ಲವನ್ನೂ ಓದಿ ಹೇಳಿದರು. ಅವಳು ಸಹಿ ಮಾಡಿ, ಸರಳಿನ ಮುಂದೆ ಹೋಗಿ ನಿಂತಳು. ಅಜ್ಜ ಗೋಡೆಗೆ ಮುಖ ಮಾಡಿಕೊಂಡಿದ್ದ.

"ನಿಮ್ಮ ಕುದುರೆಗೆ ನೀರಿಟ್ಟಿದೀನಿ," ಎಂದಳು. "ಬೆಳಿಗ್ಗೆಯಿಂದ ಒದ್ದಾಡ್ತಿತ್ತು." ಅಷ್ಟೇ ಹೇಳಿ ಹೊರಟುಹೋದಳು. ಸಾರಿನ ಪಾತ್ರೆ ಇನ್ನೂ ಒಲೆಯ ಮೇಲೇ ಇದೆಯೆಂದು ಬಾಗಿಲಲ್ಲಿ ಕಿರಿಲ್‌ಗೆ ಹೇಳಿದಳಂತೆ.

ಅಪರಾಧದ ಉದ್ದೇಶ ಎಂಬ ಜಾಗದಲ್ಲಿ ಗಾರ್ಮಾಯೆವ್ ಬರೆದರು: "ಆರೋಪಿಗೆ ಮೃತನ ಮೇಲೆ ದ್ವೇಷವಿರಲಿಲ್ಲ. ಮಗನ ಶವ ಸಿಗದ ಜಾಗಕ್ಕೆ ತಾನೂ ಹೋಗಲು ದಾರಿ ಮಾಡಿಕೊಂಡಿದ್ದ. ತನ್ನನ್ನು ಹುಡುಕಿಕೊಂಡು ಬರುವವರು ಯಾರೂ ಇಲ್ಲವೆಂದು ಆತ ನಂಬಿದ್ದ." ಮೃತನು ಕಳ್ಳಬಲೆ ಹಾಕುವವನಲ್ಲ ಎಂದು ಬೆಳಿಗ್ಗೆ ಅಂಚಿನಲ್ಲಿ ಬರೆದ ಸಾಲನ್ನು ಶಾಯಿಯಲ್ಲಿ ತಿದ್ದಿ, ಪೂರ್ಣ ವಾಕ್ಯ ಮಾಡಿ ಒಳಗೆ ಸೇರಿಸಿದರು.

ಮಾರನೆಯ ಬೆಳಿಗ್ಗೆ ಸಾವ್ವಾ ಕೊಂಬೆಗಳನ್ನು ಹಳೆಯ ಸಾಲಿಗೆ ನೆಟ್ಟು ಬಂದು ಕೆಂಪು ಬಟ್ಟೆ ಬಿಚ್ಚಿದ. ಜನ ಇಳಿದರು. ಆದರೆ ಒಬ್ಬೊಬ್ಬನೂ ಒಂದೊಂದು ಕೊಂಬೆಯ ಮುಂದೆ ನಿಂತು, ಹಾರೆಯಿಂದ ಗಡ್ಡೆ ಕುಟ್ಟಿ ನೋಡಿಯೇ ಮುಂದಕ್ಕೆ ಹೆಜ್ಜೆಯಿಟ್ಟ. ಹರಗೂನಿನಲ್ಲಿ ಎರ್ದೆಮ್ ಅಜ್ಜನ ಹೊರತು ಹಿಂದೆಂದೂ ಹಾಗೆ ಮಾಡಿದವರಿಲ್ಲ. ಠಾಣೆಯ ಒಳಗಿನವರೆಗೂ ಆ ಸದ್ದು ಕೇಳುತ್ತಿತ್ತು. ಅಜ್ಜ ಅದನ್ನು ಕೇಳುತ್ತಾ ಕೂತಿದ್ದ.